ಕುದುರೆಗಳನ್ನು ಬೇರೆ ಲಾಯಕ್ಕೆ ಸಾಗಿಸಬೇಕೆ? ಬೆಂಗಳೂರು ಸುತ್ತಲಿನ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಕುದುರೆ ಇದ್ದು ಸ್ವಂತ ಜಾಗ ಇಲ್ಲದವರಿಗಾಗಿ ಈ ಪುಟ. ದೇವನಹಳ್ಳಿ, ಸರ್ಜಾಪುರ, ಕನಕಪುರ ರಸ್ತೆ ಕಡೆಯ ಲಾಯಗಳಲ್ಲಿ ತಿಂಗಳ ದುಡ್ಡು ಕಟ್ಟಿ ಕುದುರೆ ಬಿಟ್ಟವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ. ನೀವು ಕುದುರೆಯ ಜೊತೆ ಇರುವುದು ದಿನಕ್ಕೆ ಒಂದು ಗಂಟೆ. ಮಿಕ್ಕ 23 ಗಂಟೆ ಅದು ಲಾಯದವರ ಕೈಯಲ್ಲಿ. ಕೆಳಗಿನ ಉತ್ತರಗಳೆಲ್ಲ ಆ 23 ಗಂಟೆಯ ಸುತ್ತಲೇ ಇವೆ.

ಲಾಯ ಬದಲಿಸುವ ಯೋಚನೆ ಬಂದಿದೆ. ಮೊದಲು ಏನು ಮಾಡಲಿ?

ಟೇಪ್ ತೆಗೆದುಕೊಂಡು ಅಳತೆ ಮಾಡಿ. "ಸ್ವಲ್ಪ ಸೊರಗಿದ ಹಾಗೆ ಕಾಣುತ್ತೆ" ಅನ್ನುವುದರ ಮೇಲೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ, ಲಾಯದವರ ಜೊತೆ ಮಾತಿಗೆ ಕೂತರಂತೂ ನಿಲ್ಲುವುದೇ ಇಲ್ಲ.

ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಕೂರುವ ಜಾಗದಲ್ಲಿ ಎದೆಯ ಸುತ್ತಳತೆ ತೆಗೆಯಿರಿ. ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬರುವುದು ಕಿಲೋ ಲೆಕ್ಕದಲ್ಲಿ ತೂಕದ ಅಂದಾಜು. ಸುತ್ತಳತೆ 178, ಉದ್ದ 160 ಇದ್ದರೆ ಸುಮಾರು 427 ಕೆ.ಜಿ. ಹತ್ತಿಪ್ಪತ್ತು ಕಿಲೋ ಆಚೀಚೆ ಇರಬಹುದು, ಚಿಂತೆಯಿಲ್ಲ. ಅದೇ ವ್ಯಕ್ತಿ, ಅದೇ ಟೇಪು, ಬೆಳಗಿನ ದಾಣಿಗೆ (ಕಾಳು, ಬೂಸಾದ ಮೇವಿಗೆ) ಮುಂಚೆ, 15 ದಿನಕ್ಕೊಮ್ಮೆ ಅಳೆದು ಬರೆದಿಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ತಾನೇ ಗೊತ್ತಾಗುತ್ತದೆ.

ಜೊತೆಗೆ ಇವನ್ನೂ ಬರೆದಿಡಿ: ಲಾಳ ಬದಲಿಸಿದ ದಿನ, ಜಂತುಹುಳುವಿನ ಔಷಧಿ ಕೊಟ್ಟ ದಿನ, ಮೈಮೇಲಿನ ಗಾಯಗಳು, ನೀವು ಹೋದಾಗ ಬಕೆಟ್ಟಿನಲ್ಲಿ ನೀರಿತ್ತೇ, ಮುಂದೆ ಹುಲ್ಲಿತ್ತೇ. ಆರು ವಾರದ ಈ ಪಟ್ಟಿ ಕೈಯಲ್ಲಿದ್ದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಯಾವುದನ್ನು ಮಾತಾಡಿ ಸರಿಪಡಿಸಬಹುದು, ಯಾವುದಕ್ಕೆ ಲಾಯವನ್ನೇ ಬಿಡಬೇಕು?

ಹುಲ್ಲು ಕಡಿಮೆ ಬೀಳುವುದು, ದಾಣಿಯ ಹೊತ್ತು ತಪ್ಪುವುದು, ಹಾಸು ತೆಳುವಾಗಿರುವುದು, ಲಾಳದವರು ತಡವಾಗಿ ಬರುವುದು ಎಲ್ಲ ಮಾತಿಗೆ ಬಗ್ಗುವ ವಿಷಯಗಳು. ಹೆಚ್ಚುವರಿ ಹುಲ್ಲಿನ ದುಡ್ಡು ನೀವೇ ಕೊಡುತ್ತೀರಿ ಅಂದರೆ ಬಹಳಷ್ಟು ಲಾಯಗಳು ಒಪ್ಪುತ್ತವೆ. ಲಾಯ ಬದಲಿಸುವ ಖರ್ಚಿಗಿಂತ ಅದು ಅಗ್ಗ.

ಜಾಗದ ದೋಷ ಮಾತಿಗೆ ಬಗ್ಗದು. ಕುದುರೆಗಳನ್ನು ಬಿಡುವ ಆವರಣವೇ ಇಲ್ಲ, ಇದ್ದರೂ ಮುಳ್ಳುತಂತಿಯ ಬೇಲಿ, ಮಳೆಗಾಲದಲ್ಲಿ ಲಾಯಕ್ಕೇ ನೀರು ನುಗ್ಗುತ್ತದೆ ಅಂದರೆ ಅವು ಬದಲಾಗಲು ವರ್ಷಗಳು ಬೇಕು.

ಎರಡು ಸಂಗತಿಗಳಿಗೆ ಮಾತೂ ಬೇಡ, ಹೊರಡಿ. ಕುದುರೆಗೆ ಹೊಡೆಯುತ್ತಾರೆ ಅನ್ನುವುದು ಖಚಿತವಾದರೆ. ಕಾಯಿಲೆಯನ್ನೋ ಪೆಟ್ಟನ್ನೋ ನಿಮ್ಮಿಂದ ಮುಚ್ಚಿಟ್ಟರೆ. ಕುದುರೆ ರಾತ್ರಿ ಶೂಲೆಯಿಂದ (ತೀವ್ರ ಹೊಟ್ಟೆನೋವಿನಿಂದ) ಒದ್ದಾಡಿದ್ದು ನಾಲ್ಕು ದಿನ ಬಿಟ್ಟು ಬೇರೆ ಯಾರದೋ ಬಾಯಿಂದ ನಿಮಗೆ ತಿಳಿಯಿತು ಅಂದರೆ, ಮುಂದಿನ ಸಲವೂ ಹಾಗೆಯೇ ತಿಳಿಯುತ್ತದೆ.

ದಿನಕ್ಕೆ ಎಷ್ಟು ಹುಲ್ಲು ಬೇಕು? "ಬೇಕಾದಷ್ಟು ಹಾಕ್ತೀವಿ" ಅನ್ನುತ್ತಾರೆ.

"ಬೇಕಾದಷ್ಟು" ಅನ್ನುವುದನ್ನು ತಕ್ಕಡಿಗೆ ಹಾಕಿ. ಕುದುರೆಯ ತೂಕದ ಶೇ. 2ರಷ್ಟು ಒಣ ಅಂಶ ಮೇವಿನಿಂದ ಬರಬೇಕು. ಶೇ. 1.5ಕ್ಕಿಂತ ಕೆಳಗೆ ಹೋಗಬಾರದು. 427 ಕಿಲೋದ ಕುದುರೆಗೆ ಶೇ. 2 ಅಂದರೆ ಸುಮಾರು 8.5 ಕೆ.ಜಿ. ಒಣ ಹುಲ್ಲಿನಲ್ಲಿ ಶೇ. 90ರಷ್ಟು ಒಣ ಅಂಶವಿದ್ದರೆ ಹಸಿ ಹುಲ್ಲಿನಲ್ಲಿ ಶೇ. 20ರ ಆಸುಪಾಸು ಮಾತ್ರ, ಮಿಕ್ಕದ್ದೆಲ್ಲ ನೀರು. ಹಾಗಾಗಿ 5 ಕಿಲೋ ಒಣ ಹುಲ್ಲು ಮತ್ತು 20 ಕಿಲೋ ಹಸಿ ಹುಲ್ಲು ಸೇರಿದರೆ ಲೆಕ್ಕ ಸರಿಹೋಗುತ್ತದೆ. ಬರೀ ಹಸಿರಿನಿಂದಲೇ ತುಂಬಿಸಬೇಕಾದರೆ 40 ಕಿಲೋಗಿಂತ ಹೆಚ್ಚು ಬೇಕು. ಕೈಯಲ್ಲೊಂದು ಸ್ಪ್ರಿಂಗ್ ತಕ್ಕಡಿ ಹಿಡಿದು ಸಂಜೆಯ ಕಂತೆಯನ್ನು ತೂಗಿದರೆ "ಯಥೇಚ್ಛ" ಅಂದದ್ದು 7 ಕಿಲೋ ಹಸಿ ಹುಲ್ಲು ಎಂದು ಗೊತ್ತಾಗುವುದು ಅಪರೂಪವಲ್ಲ.

ತೂಕದಷ್ಟೇ ಮುಖ್ಯ ಹೊತ್ತು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಆರು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆಯಲ್ಲಿಟ್ಟರೆ ಹುಣ್ಣಿಗೆ ದಾರಿ. ನಮ್ಮ ಕಡೆಯ ಲಾಯಗಳಲ್ಲಿ ಸಂಜೆ 6ಕ್ಕೆ ಕೊನೆಯ ಹುಲ್ಲು, ಬೆಳಗ್ಗೆ 5ಕ್ಕೆ ದಾಣಿ ಅನ್ನುವ ರೂಢಿ ಇದೆ. ಸಂಜೆಯ ಹುಲ್ಲು 8ರ ಹೊತ್ತಿಗೆ ಮುಗಿದರೆ ಒಂಬತ್ತು ಗಂಟೆ ಉಪವಾಸ. ಬೆಳಗಿನ ಸವಾರಿಯಲ್ಲಿ ಕುದುರೆ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ, "ಬುದ್ಧಿ ಸರಿಯಿಲ್ಲ" ಅನ್ನುತ್ತಾರೆ. ರಾತ್ರಿ 10ಕ್ಕೆ ಇನ್ನೊಂದು ಕಂತೆ ಹಾಕಿಸಿ ಎರಡು ವಾರ ನೋಡಿ, ಆಮೇಲೆ ಬುದ್ಧಿಯ ಮಾತಾಡಬಹುದು.

ದಾಣಿ ಒಂದು ಹೊತ್ತಿಗೆ 2 ಕಿಲೋ ಮೀರದಿರಲಿ. ಮೀರಿದರೆ ಪಿಷ್ಟ ಜೀರ್ಣವಾಗದೆ ಹಿಂಗರುಳಿಗೆ ಇಳಿದು ಹುಳಿಯುತ್ತದೆ. ಶೂಲೆಯೂ ಗೊರಸಿನ ಉರಿಯೂತವೂ ಅಲ್ಲಿಂದಲೇ ಶುರು.

ಹೊಸ ಲಾಯದವರು ತಾವೇ ಬೆಳೆದ ನೇಪಿಯರ್ ಹುಲ್ಲು ಕೊಡುತ್ತಾರಂತೆ. ಒಳ್ಳೆಯದೇ ಅಲ್ಲವೆ?

ಹಸುವಿಗೆ ಒಳ್ಳೆಯದು. ಕುದುರೆಗೆ ಅದೊಂದೇ ಆದರೆ ತೊಂದರೆ, ಜೊತೆಗೆ ಬೂಸಾ ಸೇರಿದರೆ ದೊಡ್ಡ ತೊಂದರೆ.

ನೇಪಿಯರ್, ಗಿನಿ ಥರದ ಹುಲ್ಲುಗಳಲ್ಲಿ ಆಕ್ಸಲೇಟ್ ಇರುತ್ತದೆ. ಅದು ಮೇವಿನಲ್ಲಿರುವ ಸುಣ್ಣದ ಅಂಶವನ್ನು ಕಟ್ಟಿಹಾಕಿ ಲದ್ದಿಯಲ್ಲಿ ಹೊರಗೆ ಕಳಿಸುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹುಪಾಲು ಒಡೆದುಬಿಡುತ್ತವೆ. ಕುದುರೆಗೆ ಆ ಅನುಕೂಲವಿಲ್ಲ. ಇನ್ನೊಂದು ಕಡೆ ಗೋಧಿ ಬೂಸಾ, ಅಕ್ಕಿ ತೌಡುಗಳಲ್ಲಿ ರಂಜಕ ವಿಪರೀತ, ಸುಣ್ಣ ಅತ್ಯಲ್ಪ. ರಕ್ತದಲ್ಲಿ ಸುಣ್ಣ ಕಡಿಮೆಯಾದಾಗ ದೇಹ ಅದನ್ನು ಮೂಳೆಯಿಂದ ತೆಗೆಯುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಕುದುರೆ ಇವತ್ತು ಒಂದು ಕಾಲಿಗೆ, ನಾಳೆ ಇನ್ನೊಂದು ಕಾಲಿಗೆ ಕುಂಟುತ್ತದೆ, ಅಗಿಯಲು ಕಷ್ಟಪಡುತ್ತದೆ, ಕೊನೆಗೆ ಕಣ್ಣಿನ ಕೆಳಗಿನ ಮುಖದ ಮೂಳೆಗಳು ಎರಡೂ ಕಡೆ ಊದಿಕೊಳ್ಳುತ್ತವೆ. ಮುಖ ಊದುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

ಪರಿಹಾರ ಇಲ್ಲಿಯೇ ಇದೆ, ಹೆಸರಲ್ಲೇ ಕುದುರೆ ಇಟ್ಟುಕೊಂಡಿದೆ: ಕುದುರೆ ಮಸಾಲೆ ಸೊಪ್ಪು (ಲೂಸರ್ನ್). ಅದರಲ್ಲಿ ಸುಣ್ಣ ಧಾರಾಳ. ದಿನಕ್ಕೆ ಒಂದೂವರೆ ಕಿಲೋ ಒಣಗಿಸಿದ ಸೊಪ್ಪು ಅಥವಾ 5–6 ಕಿಲೋ ಹಸಿ ಸೊಪ್ಪು ಹುಲ್ಲಿನ ಜೊತೆ ಬರಲಿ. ಬೂಸಾ ಅರ್ಧ ಕಿಲೋ ದಾಟದಿರಲಿ. ಸುಣ್ಣದ ಕಲ್ಲಿನ ಪುಡಿ ಎಷ್ಟು ಗ್ರಾಂ ಬೇಕೆನ್ನುವುದನ್ನು ಪಶುವೈದ್ಯರು ದಾಣಿಯ ಪಟ್ಟಿ ನೋಡಿ ಹೇಳಲಿ. ಗರಿಕೆ ಅಥವಾ ರೋಡ್ಸ್ ಹುಲ್ಲಿನ ಒಣಮೇವು ಸಿಗುವ ಲಾಯವಾದರೆ ಈ ತಲೆಬಿಸಿ ಬಹುಪಾಲು ಇರುವುದಿಲ್ಲ.

ಬೇಯಿಸಿದ ಹುರುಳಿ?

ತಪ್ಪೇನಿಲ್ಲ, ಆದರೆ ಅದು ಪ್ರೋಟೀನಿಗೆ, ಹೊಟ್ಟೆ ತುಂಬಿಸುವುದಕ್ಕಲ್ಲ. ಹಳೆಯ ಲಾಯದಲ್ಲಿ ಕೊಡುತ್ತಿದ್ದರೆ ಹೊಸ ಲಾಯದಲ್ಲಿ ಏಕಾಏಕಿ ನಿಲ್ಲಿಸಬೇಡಿ, ಕೊಡುತ್ತಿರಲಿಲ್ಲವಾದರೆ ಏಕಾಏಕಿ ಶುರು ಮಾಡಬೇಡಿ.

ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರಿಗೆ ಎಷ್ಟು ಕುದುರೆ ಇದ್ದರೆ ಸರಿ?

ಎರಡರಿಂದ ಮೂರು. ನಾಲ್ಕಾದರೆ ಮೈ ಉಜ್ಜುವುದು ತೋರಿಕೆಗಷ್ಟೇ ಆಗುತ್ತದೆ. ಐದಾದರೆ ಗೊರಸು ಎತ್ತಿ ನೋಡುವುದು ನಿಂತುಹೋಗುತ್ತದೆ.

ಸಂಖ್ಯೆಗಿಂತ ಮುಂದಿನ ಮೂರು ಪ್ರಶ್ನೆ ಕೇಳಿ. ರಾತ್ರಿ ಸೈಸ್ ಎಲ್ಲಿ ಮಲಗುತ್ತಾರೆ? ಲಾಯದ ಸದ್ದು ಕಿವಿಗೆ ಬೀಳುವಷ್ಟು ದೂರದಲ್ಲಿ ಒಬ್ಬರಾದರೂ ಮಲಗಬೇಕು. ಈಗಿರುವವರು ಎಷ್ಟು ವರ್ಷದಿಂದ ಇದ್ದಾರೆ? ಮೂರು ತಿಂಗಳಿಗೊಬ್ಬರು ಬದಲಾಗುವ ಲಾಯದಲ್ಲಿ ಸಂಬಳದ್ದೋ ಮರ್ಯಾದೆಯದ್ದೋ ತಕರಾರಿದೆ, ಅದರ ಫಲ ಕುದುರೆ ಉಣ್ಣುತ್ತದೆ. ಅವರು ಹಬ್ಬಕ್ಕೆ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ?

ಮಾಲೀಕರ ಕಚೇರಿಯಲ್ಲಿ ಕುಡಿದ ಕಾಫಿಗಿಂತ ಸೈಸ್ ಜೊತೆ ಹತ್ತು ನಿಮಿಷ ನಿಂತು ಆಡಿದ ಮಾತಿನಿಂದ ಹೆಚ್ಚು ತಿಳಿಯುತ್ತದೆ. "ಅಣ್ಣಾ, ಇದಕ್ಕೆ ಏನು ಅಭ್ಯಾಸ?" ಅಂತ ಯಾವುದೋ ಕುದುರೆ ತೋರಿಸಿ ಕೇಳಿ. ಎಡಗಡೆಯಿಂದ ಹೋದರೆ ಹೆದರುತ್ತದೆ, ನೀರು ರಾತ್ರಿ ಜಾಸ್ತಿ ಕುಡಿಯುತ್ತದೆ ಅಂತೆಲ್ಲ ಹೇಳಿದರೆ ಆ ಕೈಗೆ ನಿಮ್ಮ ಕುದುರೆಯನ್ನೂ ಒಪ್ಪಿಸಬಹುದು.

ಹೊಸ ಲಾಯ ನೋಡಲು ಯಾವಾಗ ಹೋಗಬೇಕು, ಏನೇನು ನೋಡಬೇಕು?

ಕನಿಷ್ಠ ಎರಡು ಸಲ. ಒಂದು ಹೇಳಿ, ಒಂದು ಹೇಳದೆ. ಹೇಳದೆ ಹೋಗುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಒಳ್ಳೆಯ ಹೊತ್ತು: ಸವಾರಿ ಮುಗಿದಿರುತ್ತದೆ, ಎಲ್ಲರೂ ಊಟಕ್ಕೆ ಹೋಗಿರುತ್ತಾರೆ, ಕುದುರೆಗಳ ನಿಜವಾದ ದಿನ ಕಾಣುವುದು ಆಗ.

ಮೊದಲು ಕೊಟ್ಟಿಗೆಯ ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ಮಲಗಿದ ಕುದುರೆಯ ಮೂಗು ಇರುವುದು ಆ ಎತ್ತರದಲ್ಲಿ. ನಿಂತಾಗ ಗೊತ್ತಾಗದ ಮೂತ್ರದ ಖಾರ ಅಲ್ಲಿ ಕಣ್ಣಿಗೆ ಹತ್ತಿದರೆ, ಆ ಲಾಯದಲ್ಲಿ ಕೆಮ್ಮುವ ಕುದುರೆಗಳು ಇದ್ದೇ ಇರುತ್ತವೆ. ಅಳತೆ 12 ಅಡಿಗೆ 12 ಅಡಿ ಇರಲಿ. ಸಣ್ಣ ತಳಿಗೆ 10ಕ್ಕೆ 10 ಸಾಕು. ತಗಡಿನ ಶೀಟ್ ಆದರೆ ಎತ್ತರ 12 ಅಡಿಗೆ ಕಡಿಮೆಯಾಗದೆ, ಮೇಲ್ಗಡೆ ಬಿಸಿಗಾಳಿ ಹೊರಗೆ ಹೋಗಲು ಸಂದಿಯಿರಬೇಕು. ಮೂರು ಕಡೆ ಗೋಡೆ ಕಟ್ಟಿ ಗಾಳಿಯೇ ಆಡದ "ಅಚ್ಚುಕಟ್ಟಾದ" ಲಾಯಕ್ಕಿಂತ ಬಿದಿರ ತಟ್ಟಿಯ ತೆರೆದ ಲಾಯ ಮೇಲು.

ಗೋದಲಿಯೊಳಗೆ ಕೈ ಹಾಕಿ ಮೂಲೆ ಕೆರೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ದಿನವೂ ತೊಳೆಯುತ್ತಿಲ್ಲ. ಮೇವಿನ ಕೋಣೆ ತೋರಿಸಲು ಹೇಳಿ. ಮೂಟೆಗಳು ಹಲಗೆಯ ಮೇಲಿವೆಯೋ ನೆಲಕ್ಕೆ ತಾಗಿವೆಯೋ, ಇಲಿ ಹಿಕ್ಕೆ ಇದೆಯೋ ನೋಡಿ. ಒಣ ಹುಲ್ಲಿನ ಒಂದು ಕಂತೆಯ ನಡು ಬಿಡಿಸಿ ಕೊಡವಿ. ಬೂದು ಪುಡಿ ಹಾರಿದರೆ ಅದು ಬೂಷ್ಟು, ಧೂಳಲ್ಲ.

ಆಮೇಲೆ ಅಲ್ಲಿರುವ ಕುದುರೆಗಳನ್ನು ನೋಡಿ. ಒಂದು ಕುದುರೆ ಬಡಕಲಾಗಿದ್ದರೆ ಅದಕ್ಕೆ ಸ್ವಂತ ಕಾರಣ ಇರಬಹುದು. ಮೂರು ನಾಲ್ಕು ಬಡಕಲಾಗಿದ್ದರೆ ಕಾರಣ ಲಾಯದ್ದು. ಬಾಲದ ಬುಡ ಉಜ್ಜಿ ಕೂದಲು ಹೋಗಿದೆಯೇ? ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಕೆಳಗೆ ಮೂಗಿನ ಮೇಲೆ ಹುಣ್ಣಿದೆಯೇ? ಬಾಗಿಲ ಬಳಿ ಎಡಕ್ಕೂ ಬಲಕ್ಕೂ ತೂಗುತ್ತಾ ನಿಂತ, ಮರ ಕಚ್ಚಿ ಗಾಳಿ ನುಂಗುವ ಕುದುರೆಗಳು ಎಷ್ಟಿವೆ? ಅವಕಾಶ ಸಿಕ್ಕರೆ ಒಂದು ಗೊರಸು ಎತ್ತಿಸಿ. ನಡುವಿನ ಸೀಳಿನಲ್ಲಿ ಕಪ್ಪು ರಸ, ಕೊಳೆತ ನಾತ ಇದ್ದರೆ ನೆಲ ಒಣಗುತ್ತಿಲ್ಲ.

ಆವರಣ ಮರಳಿನದಾದರೆ ಮತ್ತು ಹುಲ್ಲನ್ನು ನೆಲಕ್ಕೇ ಹಾಕುತ್ತಿದ್ದರೆ ಇದೊಂದು ಪರೀಕ್ಷೆ ಮಾಡಿ. ನೆಲಕ್ಕೆ ತಾಗದ ಆರು ಉಂಡೆ ಲದ್ದಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ತುಂಬಿ, ಕಲಸಿ, ಒಂದು ಮೂಲೆ ಕೆಳಗೆ ಮಾಡಿ ನೇತುಹಾಕಿ. ಕಾಲು ಗಂಟೆಯಲ್ಲಿ ಮರಳು ಆ ಮೂಲೆಗೆ ಇಳಿಯುತ್ತದೆ. ಒಂದು ಟೀ ಚಮಚದಷ್ಟು ಇದ್ದರೆ ಆ ಕುದುರೆಗಳ ಕರುಳಿಗೆ ಮರಳು ದಿನವೂ ಹೋಗುತ್ತಿದೆ. ಲಾಯದವರ ಎದುರಿಗೆ ಮಾಡಲು ಸಂಕೋಚವಾದರೆ ಚೀಲ ಮನೆಗೆ ತನ್ನಿ. ಮನೆಯವರ ಮುಖ ಹೇಗಾಗುತ್ತದೆ ಅನ್ನುವುದು ನಿಮಗೆ ಬಿಟ್ಟದ್ದು.

ಕೊನೆಗೆ ಒಂದು ಗಡಿಯಾರದ ಲೆಕ್ಕ: ಕುದುರೆ ನೋಡಿ ಗೊತ್ತಿರುವ ಪಶುವೈದ್ಯರು ಅಲ್ಲಿಗೆ ರಾತ್ರಿ ಎಷ್ಟು ನಿಮಿಷದಲ್ಲಿ ಬರಬಲ್ಲರು? ಒಂದು ಗಂಟೆ ದಾಟಿದರೆ ಎರಡು ಸಲ ಯೋಚಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಅಲ್ಲಿಂದ ಎಷ್ಟು ದೂರ, ದಾರಿಯಲ್ಲಿ ಎಂಥ ಟ್ರಾಫಿಕ್ ಅನ್ನುವುದನ್ನೂ ನೋಡಿಡಿ.

ನೀರಿನ ಬಗ್ಗೆ ಏನು ಕೇಳಬೇಕು?

ಕುದುರೆಯೊಂದು ದಿನಕ್ಕೆ 25ರಿಂದ 50 ಲೀಟರ್ ಕುಡಿಯುತ್ತದೆ, ಸೆಕೆಯಲ್ಲಿ ಕೆಲಸ ಮಾಡಿದರೆ ಇನ್ನೂ ಹೆಚ್ಚು. 20 ಕುದುರೆಗಳ ಲಾಯಕ್ಕೆ ಕುಡಿಯಲೇ ಸಾವಿರ ಲೀಟರ್ ಬೇಕು, ಮೈತೊಳೆಯುವುದು ಬೇರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿದ್ದು ನೆನಪಿರಬಹುದು. ಆಗ ಏನು ಮಾಡಿದಿರಿ ಎಂದೇ ಕೇಳಿ. ಟ್ಯಾಂಕರ್, ಸಂಪು ಅಂತ ಲೆಕ್ಕ ಕೊಟ್ಟರೆ ಸರಿ.

ತೋಟದ ಲಾಯ, ಪಕ್ಕದಲ್ಲೇ ಹಸು ಎಮ್ಮೆಗಳಿವೆ. ತೊಂದರೆ ಇದೆಯೇ?

ಇದೆ, ಆದರೆ ನಿಭಾಯಿಸಬಹುದಾದದ್ದು. ದೊಡ್ಡ ಕಚ್ಚುವ ನೊಣಗಳು ಒಂದು ಪ್ರಾಣಿಯ ರಕ್ತ ಹೀರಿ ಅರ್ಧಕ್ಕೆ ಎದ್ದು ಇನ್ನೊಂದರ ಮೇಲೆ ಕೂರುವಾಗ ಸರ್ರಾ ರೋಗದ ಪರೋಪಜೀವಿಯನ್ನು ದಾಟಿಸುತ್ತವೆ. ಎಮ್ಮೆ ದನಗಳು ರೋಗ ಕಾಣಿಸದೆಯೇ ಅದನ್ನು ಹೊತ್ತಿರಬಹುದು, ಕುದುರೆಗೆ ಅದು ಮಾರಕ. ಮಳೆಗಾಲ ಮತ್ತು ಅದರ ಬೆನ್ನಿಗೇ ನೊಣ ಹೆಚ್ಚು. ಬಂದು ಹೋಗುವ ಜ್ವರ, ತಿಂದರೂ ಇಳಿಯುವ ಮೈ, ಬಿಳಿಚಿದ ಒಸಡು, ಹೊಟ್ಟೆಯ ಕೆಳಗೂ ಕಾಲಲ್ಲೂ ಊತ ಕಂಡರೆ ಜ್ವರ ಇರುವಾಗಲೇ ರಕ್ತ ಪರೀಕ್ಷೆಗೆ ಕೊಡಿ. ಉಣ್ಣೆಗಳಿಂದ ಬರುವ ಪೈರೋಪ್ಲಾಸ್ಮೋಸಿಸ್‌ನಲ್ಲೂ ಹೀಗೆಯೇ ಇರುತ್ತದೆ, ಮೂತ್ರ ಕೆಂಪಾಗಲೂಬಹುದು.

ತಿಪ್ಪೆ ಲಾಯದಿಂದ ದೂರವಿರಲಿ, ಫ್ಯಾನು ಮತ್ತು ಬಲೆ ಇರಲಿ, ಕಿವಿಯೊಳಗೆ, ಬಾಲದ ಕೆಳಗೆ ಉಣ್ಣೆ ಹುಡುಕುವ ಅಭ್ಯಾಸ ಸೈಸ್‌ಗಿರಲಿ. ಇಷ್ಟಕ್ಕೂ ಲಾಯದವರು "ಇಲ್ಲಿ ನೊಣವೇ ಇಲ್ಲ" ಅಂದರೆ ನಗಬೇಡಿ, ಸುಮ್ಮನೆ ಮುಂದಿನ ಲಾಯ ನೋಡಿ.

ಒಂದು ಲಾಯ ದುಬಾರಿ, ಇನ್ನೊಂದು ಅಗ್ಗ. ಹೇಗೆ ಹೋಲಿಸುವುದು?

ತಿಂಗಳ ಮೊತ್ತ ಹೋಲಿಸಬೇಡಿ, ವರ್ಷದ್ದು ಕೂಡಿ. ಲಾಳ 4–6 ವಾರಕ್ಕೊಮ್ಮೆ, ಅಂದರೆ ವರ್ಷಕ್ಕೆ ಒಂಬತ್ತರಿಂದ ಹದಿಮೂರು ಸಲ. ಲಸಿಕೆ, ಜಂತುಹುಳು ಔಷಧಿ, ಹಲ್ಲು ಅರದಿಂದ ಉಜ್ಜಿ ಸಮ ಮಾಡಿಸುವುದು, ವೈದ್ಯರ ಭೇಟಿ, ಕುದುರೆ ಮಸಾಲೆ ಸೊಪ್ಪು, ಹಾಸು, ಸೈಸ್ ಭಕ್ಷೀಸು, ನಿಮ್ಮ ಪೆಟ್ರೋಲು. ಇದರಲ್ಲಿ ಯಾವುದು ಶುಲ್ಕದೊಳಗೆ, ಯಾವುದು ಹೊರಗೆ ಎಂದು ಬರೆಸಿಕೊಳ್ಳಿ. ಮನೆಯಿಂದ ದೂರವಾದ ಲಾಯದ ಇನ್ನೊಂದು ಬೆಲೆ ಯಾವ ಲೆಕ್ಕದಲ್ಲೂ ಬರುವುದಿಲ್ಲ: ವಾರಕ್ಕೆ ಐದು ದಿನ ಹೋಗುತ್ತಿದ್ದವರು ಎರಡು ದಿನಕ್ಕಿಳಿಯುತ್ತಾರೆ.

ನಿಮ್ಮ ಕುದುರೆಯನ್ನು ಸವಾರಿ ಕಲಿಯುವವರಿಗೆ ಕೊಡುವುದಿಲ್ಲ ಅನ್ನುವ ಸಾಲನ್ನು ಮರೆಯದೆ ಹಾಕಿಸಿ. ಅಗ್ಗದ ಶುಲ್ಕದ ಗುಟ್ಟು ಕೆಲವು ಕಡೆ ಅಲ್ಲೇ ಇರುತ್ತದೆ.

ಎರಡು ಕುದುರೆಗಳಿವೆ. ಒಂದನ್ನು ಮೊದಲು ಕಳಿಸಿ ನೋಡಲೇ?

ಜೊತೆಯಾಗಿ ಬೆಳೆದವಾದರೆ ಒಟ್ಟಿಗೆ ಸಾಗಿಸಿ. ಅಪರಿಚಿತ ಜಾಗದಲ್ಲಿ ಪರಿಚಿತ ಕುದುರೆಯೊಂದು ಪಕ್ಕದಲ್ಲಿದ್ದರೆ ಮೇವು ಮುಟ್ಟುವುದು ಬೇಗ. ಬೇರೆಯಾಗಲೇಬೇಕಾದರೆ ಹಿಂದೆ ಉಳಿಯುವ ಕುದುರೆಯನ್ನೂ ಯೋಚಿಸಿ, ಅದರ ಕಣ್ಣಿಗೆ ಬೀಳುವಂತೆ ಇನ್ನೊಂದು ಕುದುರೆ ಇರಲೇಬೇಕು. ಒಂದು ಕೆನೆಯುತ್ತಾ ಬಾಗಿಲಲ್ಲೇ ನಿಂತು ಎರಡು ದಿನ ನೀರು ಬಿಟ್ಟರೆ ಮೂರನೆಯ ದಿನ ಕರುಳು ಕಟ್ಟುತ್ತದೆ.

ಯಾವ ಕುದುರೆಯನ್ನು ಸದ್ಯಕ್ಕೆ ಸಾಗಿಸಬಾರದು?

ಹಿಂದಿನ ಎರಡು ಮೂರು ವಾರದಲ್ಲಿ ಜ್ವರ ಅಥವಾ ಶೂಲೆ ಬಂದದ್ದು, ಕಾರಣ ತಿಳಿಯದೆ ಕುಂಟುತ್ತಿರುವುದು. ಗಬ್ಬದ ಕುದುರೆಯಾದರೆ ಈಯಲು ಕನಿಷ್ಠ 4–6 ವಾರ ಇರುವಾಗಲೇ ಹೊಸ ಜಾಗ ಸೇರಬೇಕು. ಅಲ್ಲಿನ ರೋಗಾಣುಗಳಿಗೆ ತಾಯಿಯ ದೇಹ ಪ್ರತಿಕಾಯ ಮಾಡಿಕೊಂಡು, ಅದು ಗಿಣ್ಣು ಹಾಲಿನಲ್ಲಿ ಮರಿಗೆ ಸಿಗಲು ಅಷ್ಟು ದಿನ ಬೇಕು. ಆ ಗಡುವು ತಪ್ಪಿದರೆ ಇದ್ದಲ್ಲೇ ಈಯಲಿ.

ವರ್ಷದ ಯಾವ ಕಾಲ ಒಳ್ಳೆಯದು?

ಬೆಂಗಳೂರಿನಲ್ಲಾದರೆ ನವೆಂಬರಿನಿಂದ ಫೆಬ್ರವರಿ. ನೆಲ ಒಣಗಿರುತ್ತದೆ, ತಂಪಿರುತ್ತದೆ. ಆದರೆ ಹೊಸ ಲಾಯವನ್ನು ನೋಡಲು ಮಾತ್ರ ಸೆಪ್ಟೆಂಬರ್ ಮಳೆಯಲ್ಲೇ ಹೋಗಿ. ಬೇಸಿಗೆಯಲ್ಲಿ ಎಲ್ಲ ಲಾಯವೂ ಒಣಗಿಯೇ ಇರುತ್ತದೆ.

ಮಂಗಳೂರಿಗೋ ಚೆನ್ನೈಗೋ ಹೋಗುವುದಾದರೆ?

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಯ ಸೆಕೆ ಬೇರೆಯೇ. ಅಲ್ಲಿ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ: ಮೈ ಒಣಗಿ, ಮೂಗಿನ ಹೊಳ್ಳೆ ಅರಳಿ ಏದುಸಿರು ಬಿಡುತ್ತವೆ. ಚಳಿಗಾಲದಲ್ಲಿ ಸಾಗಿಸಿ, ಮೂರು ವಾರ ಹಗುರ ಕೆಲಸ ಕೊಡಿ, ಬೆವರುತ್ತಿದೆಯೇ ಎಂದು ದಿನವೂ ಜೀನಿನ ಕೆಳಗೆ ಕೈಯಾಡಿಸಿ ನೋಡಿ.

ಹೊರಡುವ ಮುಂಚೆ ಯಾವ ಪರೀಕ್ಷೆ, ಯಾವ ಕಾಗದ?

1978ರ ಪ್ರಾಣಿ ಸಾಗಾಣಿಕೆ ನಿಯಮಗಳ ಪ್ರಕಾರ, ಕುದುರೆ ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗವಿಲ್ಲ ಎನ್ನುವ ಪಶುವೈದ್ಯರ ಪ್ರಮಾಣಪತ್ರ ಬೇಕು. ಹತ್ತು ಕಿಲೋಮೀಟರ್ ದೂರಕ್ಕೆ ಯಾರು ಕೇಳುತ್ತಾರೆ ಅನ್ನಬೇಡಿ, ದಾರಿಯಲ್ಲಿ ಅಪಘಾತವಾದರೆ ಎಲ್ಲರೂ ಕೇಳುತ್ತಾರೆ.

ಗ್ಲಾಂಡರ್ಸ್ ರಕ್ತ ಪರೀಕ್ಷೆ ಮಾಡಿಸಿ, ಹೊಸ ಲಾಯದವರು ಕೇಳದಿದ್ದರೂ. ಅದು ಮನುಷ್ಯರಿಗೂ ಹರಡುವ ರೋಗ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದದ್ದು. ಖಚಿತವಾದ ಕುದುರೆಗೆ ಚಿಕಿತ್ಸೆಯಿಲ್ಲ, ದಯಾಮರಣವೇ. ದೇಶದ ಪ್ರಮುಖ ಪ್ರಯೋಗಾಲಯ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಪರೀಕ್ಷೆಯ ಫಲಿತಾಂಶಕ್ಕೆ ದಿನ ಹಿಡಿಯುವುದರಿಂದ ಲಾರಿ ಗೊತ್ತುಮಾಡುವ ಮುಂಚೆಯೇ ರಕ್ತ ಕಳಿಸಿ. ಸುತ್ತಮುತ್ತ ಎಲ್ಲಾದರೂ ಗ್ಲಾಂಡರ್ಸ್ ಪತ್ತೆಯಾಗಿ ನಿರ್ಬಂಧ ಹೇರಿದ್ದರೆ ಸಾಗಿಸುವ ಮಾತೇ ಇಲ್ಲ.

ಲಸಿಕೆಗಳಲ್ಲಿ ಧನುರ್ವಾಯು, ರೇಬೀಸ್, ಕುದುರೆ ಜ್ವರ (ಇನ್‌ಫ್ಲುಯೆಂಜಾ) ಮೂರೂ ಚಾಲ್ತಿಯಲ್ಲಿರಲಿ. 2008–09ರಲ್ಲಿ ಜಮ್ಮುವಿನ ಕಟ್ರಾದಲ್ಲಿ ಕಾಣಿಸಿದ ಕುದುರೆ ಜ್ವರ ಪ್ರಾಣಿಗಳ ಓಡಾಟದ ಜೊತೆಗೇ ಹಲವು ರಾಜ್ಯಗಳಿಗೆ ಹಬ್ಬಿತ್ತು. ಲಸಿಕೆ ಬಾಕಿಯಿದ್ದರೆ ಹೊರಡುವ ದಿನ ಹಾಕಿಸಬೇಡಿ, ಎರಡು ವಾರ ಮುಂಚೆ ಹಾಕಿಸಿ.

ರೇಸಿನಿಂದ ಬಂದ ಥರೋಬ್ರೆಡ್ ಆದರೆ ಪಾಸ್‌ಪೋರ್ಟ್ (ಕುದುರೆಯ ಗುರುತಿನ ಪುಸ್ತಕ) ಹಳೆಯ ಲಾಯದ ಕಪಾಟಿನಲ್ಲೇ ಉಳಿಯುವುದು ಮಾಮೂಲು. ಮೊದಲು ಅದನ್ನು ಕೈಗೆ ತೆಗೆದುಕೊಳ್ಳಿ, ಮೈಕ್ರೋಚಿಪ್ ಸಂಖ್ಯೆ ತಾಳೆ ನೋಡಿ.

ಎಂಥ ವಾಹನ?

ಕುದುರೆ ಸಾಗಿಸಲೆಂದೇ ಮಾಡಿದ ಫ್ಲೋಟ್ ಸಿಕ್ಕರೆ ಮರು ಯೋಚನೆ ಬೇಡ. ಲಾರಿಯಾದರೆ ನೆಲಕ್ಕೆ ರಬ್ಬರ್ ಮ್ಯಾಟ್, ಅದರ ಮೇಲೆ ದಪ್ಪಗೆ ಹುಲ್ಲು. ಕುದುರೆಗಳ ನಡುವೆ ಅಡ್ಡಗಂಬ, ಅದಕ್ಕೆ ಗೋಣಿ ಸುತ್ತಿರಬೇಕು. ಒಳಗೆ ಚೂಪಾದ ಕೊಂಡಿ, ಮೊಳೆ ಇದೆಯೇ ಎಂದು ಕೈಯಿಂದ ಸವರಿ ನೋಡಿ. ಸಣ್ಣ ಸರಕು ಗಾಡಿಗಳಲ್ಲಿ ತಟ್ಟು ಕುದುರೆಗಳನ್ನು ನಿಲ್ಲಿಸಿ ಒಯ್ಯುವುದು ಕಾಣುತ್ತದೆ. ಪಕ್ಕದ ಹಲಗೆ ಮೊಣಕಾಲ ಮಟ್ಟಕ್ಕಿರುವ ಗಾಡಿಯಿಂದ ಕುದುರೆ ಹಾರಿದರೆ ಕಾಲು ಉಳಿಯುವುದಿಲ್ಲ.

ಹಗ್ಗವನ್ನು ಕಬ್ಬಿಣದ ಬಳೆಗೆ ನೇರ ಕಟ್ಟಬೇಡಿ. ಬಳೆಗೆ ಸೆಣಬಿನ ದಾರದ ಕುಣಿಕೆ ಹಾಕಿ ಅದಕ್ಕೆ ಎಳೆದರೆ ಬಿಚ್ಚುವ ಗಂಟು ಹಾಕಿ. ಕುದುರೆ ಬಿದ್ದರೆ ದಾರ ಹರಿಯಬೇಕು, ಕತ್ತಲ್ಲ. ಎರಡು ಸಾಲಿನ ಫ್ಲೋಟಿನಲ್ಲಿ ಒಂದೇ ಕುದುರೆಯಿದ್ದರೆ ಬಲಗಡೆ ನಿಲ್ಲಿಸಿ, ನಮ್ಮ ರಸ್ತೆಗಳು ಎಡಕ್ಕೆ ವಾಲಿರುತ್ತವೆ. ಬೆಳಗ್ಗೆ 5ಕ್ಕೆ ಹೊರಟರೆ ಸೆಕೆಯೂ ಇಲ್ಲ, ರಿಂಗ್ ರೋಡಿನ ಜಾತ್ರೆಯೂ ಇಲ್ಲ. ನಾಲ್ಕು ಗಂಟೆಗಿಂತ ದೊಡ್ಡ ಪ್ರಯಾಣವಾದರೆ ನಡುವೆ ನಿಲ್ಲಿಸಿ ತಲೆ ಕೆಳಗೆ ಬಿಡಲು ಹಗ್ಗ ಸಡಿಲಿಸಿ. ಬಹಳ ಹೊತ್ತು ತಲೆಯೆತ್ತಿ ಕಟ್ಟಿದ ಕುದುರೆಗೆ ಶ್ವಾಸನಾಳದ ಕಫ ಹೊರಗೆ ಬರದೆ ಎರಡು ಮೂರು ದಿನ ಬಿಟ್ಟು ನ್ಯುಮೋನಿಯಾ ಕಾಣಿಸಿಕೊಳ್ಳುವುದುಂಟು.

ನಮ್ಮದು ಗಾಡಿ ಹತ್ತುವುದೇ ಇಲ್ಲ.

ಹತ್ತು ದಿನ ಮುಂಚೆ ಶುರು ಮಾಡಿ, ಸಾಗಿಸುವ ದಿನವಲ್ಲ. ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ನಿಲ್ಲಿಸಿದರೆ ಇಳಿಜಾರು ಹಲಗೆ ಬಹುತೇಕ ಸಮನಾಗುತ್ತದೆ. ದಿನಕ್ಕೆ 15 ನಿಮಿಷ, ಹಲಗೆಯ ಮೇಲೆ ಎರಡು ಕಾಲಿಟ್ಟರೂ ಬೆಲ್ಲ ಕೊಟ್ಟು ಇಳಿಸಿ. ನಾಲ್ಕೈದು ಜನ ಹಿಂದೆ ನಿಂತು ಹಗ್ಗ ಬಿಗಿದು ಕೂಗಾಡಿ ಹತ್ತಿಸಿದರೆ ಆ ದಿನ ಹತ್ತುತ್ತದೆ, ಮತ್ತೆಂದೂ ಹತ್ತುವುದಿಲ್ಲ.

ತಲುಪಿದ ಮೇಲೆ ಮೊದಲ ಮೂರು ವಾರ?

21 ದಿನ ಬೇರೆ ಕುದುರೆಗಳ ಮೂಗಿಗೆ ಮೂಗು ತಾಗದಂತೆ ಇಡಿ. ಬಕೆಟ್, ಬ್ರಷ್, ಹಾಲ್ಟರ್ ಎಲ್ಲ ಪ್ರತ್ಯೇಕ. ಸೈಸ್ ಈ ಕುದುರೆಯ ಕೆಲಸವನ್ನು ಕೊನೆಗೆ ಮಾಡಲಿ. ಗಂಟಲ ಬಾವು ರೋಗ ಒಳಗೆ ಸೇರಿ 3ರಿಂದ 14 ದಿನಕ್ಕೆ ಹೊರಬೀಳುತ್ತದೆ. ಮೊದಲ ಸೂಚನೆ ಜ್ವರ, ಕೀವಲ್ಲ. ಅದಕ್ಕೇ ಬೆಳಗ್ಗೆ ಸಂಜೆ ಥರ್ಮಾಮೀಟರ್ ಹಿಡಿಯಿರಿ: 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಇಂಥ ಪ್ರತ್ಯೇಕ ಜಾಗವೇ ಇಲ್ಲದ, ಬಂದ ಕುದುರೆಯನ್ನು ನೇರ ಗುಂಪಿಗೆ ಬಿಡುವ ಲಾಯ ಎಷ್ಟೇ ಚಂದ ಇದ್ದರೂ ಬೇಡ. ನಿಮ್ಮ ಕುದುರೆಯನ್ನು ಹಾಗೆ ಬಿಟ್ಟವರು ನಾಳೆ ಬರುವ ಕುದುರೆಯನ್ನೂ ಹಾಗೇ ಬಿಡುತ್ತಾರೆ.

ಹಳೆಯ ಲಾಯದಿಂದ ಹತ್ತು ಹನ್ನೆರಡು ದಿನಕ್ಕಾಗುವಷ್ಟು ದಾಣಿ, ಒಣ ಹುಲ್ಲು ಕೊಂಡು ತನ್ನಿ. ಮೊದಲ ಮೂರು ದಿನ ಪೂರ್ತಿ ಹಳೆಯದೇ. ಆಮೇಲೆ ಮೂರು ದಿನಕ್ಕೊಮ್ಮೆ ಕಾಲುಭಾಗ ಹೊಸದು ಸೇರಿಸುತ್ತಾ ಹೋಗಿ. ಹೊಸ ನೀರು ಮೂಸಿ ಬಿಡುವ ಕುದುರೆಗೆ ಎರಡು ಕ್ಯಾನ್ ಹಳೆಯ ನೀರು ತಂದು ಬೆರೆಸಿ ಕೊಡಿ.

ಗುಂಪಿಗೆ ಬಿಡುವಾಗ ಮೊದಲು ಬೇಲಿಯಾಚೆ ಈಚೆ ಮೂರು ನಾಲ್ಕು ದಿನ, ಆಮೇಲೆ ಶಾಂತ ಕುದುರೆಯೊಂದರ ಜೊತೆ, ಆಮೇಲೆ ಎಲ್ಲದರ ಜೊತೆ. ಹಿಂಗಾಲಿನ ಲಾಳ ತೆಗೆಸಿಯೇ ಬಿಡಿ.

ಶೂಲೆ ಬರುತ್ತಿದೆ ಎಂದು ಹೇಗೆ ಮುಂಚೆ ತಿಳಿಯುವುದು?

ಲದ್ದಿ ಎಣಿಸಿ. ದಿನಕ್ಕೆ 8–12 ಸಲ ಸಹಜ. ಅದು 4–5ಕ್ಕಿಳಿದು, ಉಂಡೆ ಸಣ್ಣಗಾಗಿ ಒಣಗಿ ಲೋಳೆ ಸುತ್ತಿಕೊಂಡಿದ್ದರೆ ಕರುಳು ನಿಧಾನವಾಗಿದೆ. ನಾಡಿ ನಿಮಿಷಕ್ಕೆ 28–44 ಇರಬೇಕು, ದವಡೆಯ ಕೆಳಗೆ ಬೆರಳಿಟ್ಟರೆ ಸಿಗುತ್ತದೆ. 60 ದಾಟಿದರೆ ಹೊರಳಾಡುವುದನ್ನು ಕಾಯದೆ ವೈದ್ಯರಿಗೆ ಫೋನ್ ಮಾಡಿ. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ವೈದ್ಯರು ಬರುವವರೆಗೆ ದಾಣಿ ಬೇಡ, ಬಾಯಿಗೆ ಎಣ್ಣೆ ಸುರಿಯುವುದಂತೂ ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ.

ಹಳೆಯ ಲಾಯದವರಿಗೆ ಯಾವಾಗ, ಹೇಗೆ ಹೇಳುವುದು?

ಹೊಸ ಜಾಗ ಖಚಿತವಾದ ಮೇಲೆ, ಒಪ್ಪಂದದಲ್ಲಿರುವ ನೋಟಿಸ್ ಅವಧಿ ಕೊಟ್ಟು. ಸಾಮಾನ್ಯವಾಗಿ ಒಂದು ತಿಂಗಳು. ಬಾಕಿ ಪೂರ್ತಿ ಕಟ್ಟಿ ರಸೀದಿ ತೆಗೆದುಕೊಳ್ಳಿ, ಬಾಕಿ ಉಳಿದರೆ ಗೇಟಿನಲ್ಲಿ ಲಾರಿ ನಿಲ್ಲಿಸುತ್ತಾರೆ. ಹೊರಡುವ ವಾರ ದಿನವೂ ಹೋಗಿ ಬನ್ನಿ. ಕುದುರೆಯ ಫೋಟೋ ನಾಲ್ಕೂ ಕಡೆಯಿಂದ ತೆಗೆದಿಡಿ. ಸೈಸ್‌ಗೆ ಭಕ್ಷೀಸು ಕೈಯಲ್ಲೇ ಕೊಡಿ, ಕಚೇರಿಯ ಮೂಲಕವಲ್ಲ, ಕುದುರೆಯ ಅಭ್ಯಾಸಗಳನ್ನು ಹೊಸ ಸೈಸ್‌ಗೆ ಫೋನಿನಲ್ಲಿ ಹೇಳಲು ಕೇಳಿಕೊಳ್ಳಿ. ಬಹುತೇಕರು ಸಂತೋಷದಿಂದ ಹೇಳುತ್ತಾರೆ.

ಸಾಗಿಸಿದ್ದು ತಪ್ಪಾಯಿತೇನೋ ಅನಿಸುತ್ತಿದೆ. ಎಷ್ಟು ದಿನ ಕಾಯಲಿ?

ಮೊದಲ ಎರಡು ವಾರದ ಕೆನೆತ, ಬೆದರಿಕೆ, ತುಸು ತೂಕ ಇಳಿಯುವುದು ಲೆಕ್ಕಕ್ಕಿಲ್ಲ. 45ನೆಯ ದಿನ ಅದೇ ಟೇಪು ಹಿಡಿದು ಅಳೆಯಿರಿ. ಹಳೆಯ ತೂಕಕ್ಕೆ ಬಂದಿದ್ದು, ನೀವು ಹೋದಾಗ ಕುದುರೆ ಹುಲ್ಲು ಮೆಲ್ಲುತ್ತಾ ನಿಂತಿದ್ದರೆ ಅಲ್ಲೇ ಇರಲಿ. 20 ಕಿಲೋಗಿಂತ ಹೆಚ್ಚು ಇಳಿದಿದ್ದರೆ ಮೊದಲು ಹಲ್ಲು, ಜಂತುಹುಳು, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಸಂಜೆಯ ಕಂತೆ ತೂಗಿ. ಹಳೆಯ ಲಾಯಕ್ಕೇ ಮರಳುವುದಾದರೆ ಅಲ್ಲಿಯೂ 21 ದಿನ ಪ್ರತ್ಯೇಕವಾಗಿಯೇ ಇಡಬೇಕು, ಹಳೆಯ ಪರಿಚಯ ರೋಗಾಣುವಿಗೆ ಗೊತ್ತಿರುವುದಿಲ್ಲ.